ಬರೆದವನ ಸಹಿ

೩ ಜನವರಿ ೨೦೨೫, ಶುಕ್ರವಾರ, ಬೀದರ್

ಬೆಳಿಗ್ಗೆ ಗಫೂರ ಬಂದಿದ್ದ. ಕೊರಳಲ್ಲಿ ಹಸಿರು ದಾರದ ಬ್ಯಾಡ್ಜು, ನಡಿಗೆಯಲ್ಲಿ ಎಲೆಕ್ಷನ್ ಡ್ಯೂಟಿಗೆ ಹೊರಟವನ ಠೀವಿ. ನನಗೂ ಒಂದು ಬ್ಯಾಡ್ಜು ತಂದಿದ್ದ. 'ರಾಜರತ್ನ, ಸ್ವಯಂಸೇವಕ' ಎಂದು ಮೇಲೆ ಕನ್ನಡದಲ್ಲಿ, ಕೆಳಗೆ ಉರ್ದುವಿನಲ್ಲಿ. ನಮ್ಮ ಬಡಾವಣೆಯ ಹಿಂದಿನ ಹೊಸ ದೊಡ್ಡ ಮಸೀದಿಯನ್ನು ಇನ್ನು ಮುಂದೆ ಪ್ರತಿ ಆದಿತ್ಯವಾರ ಹತ್ತರಿಂದ ಹನ್ನೆರಡರವರೆಗೆ ಯಾರು ಬೇಕಾದರೂ ಬಂದು ನೋಡಬಹುದಂತೆ. ಬಂದವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವವರು ಬೇಕು. ಕಮೀಟಿಯವರು ಕನ್ನಡ ಮಾತಾಡಲು ಹೋದರೆ ಗಂಡಸು ಹೆಂಗಸು ಎಲ್ಲ ಒಂದೇ ಮಾಡಿಬಿಡುತ್ತಾರೆ ಎಂದು ಅವನೇ ನಕ್ಕ.

ನಾನೇಕೆ, ನಾನು ನಿಮ್ಮವನಲ್ಲವಲ್ಲ ಎಂದೆ. ಅದಕ್ಕೇ ನೀನು ಬೇಕು ಎಂದ. ಇಪ್ಪತ್ತಾರು ವರ್ಷ ಭಾಲ್ಕಿಯ ಕಚೇರಿಯಲ್ಲಿ ಎದುರುಬದುರು ಟೇಬಲ್ಲು, ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹಂಚಿಕೊಂಡು ತಿಂದ ಡಬ್ಬಿ. ಟಿಪ್ಪಣಿ, ಕರಡು ಬರೆಯುವುದು ನನ್ನ ಪಾಲು, ಸಿಟ್ಟಾಗಿ ಬಂದವರನ್ನು ಕೂರಿಸಿ ಸಮಾಧಾನ ಮಾಡುವುದು ಅವನ ಪಾಲು. ಅಂಥವನಿಗೆ ಏನೆಂದು ಹೇಳಿ ತಪ್ಪಿಸಿಕೊಳ್ಳಲಿ? ಹೂಂ ಎಂದೆ.

ಒಂದು ಹಳೆಯ ವಿಷಯವಿದೆ. ೨೦೨೧ರ ಆಗಸ್ಟಿನಲ್ಲಿ ಸದರಿ ಮಸೀದಿಯ ಕಟ್ಟಡದ ವಿರುದ್ಧ ಬಡಾವಣೆಯ ನಿವಾಸಿಗಳ ಪರವಾಗಿ ತಕರಾರು ಅರ್ಜಿಯೊಂದನ್ನು ಸಲ್ಲಿಸಲಾಗಿತ್ತು. ಅದರ ಕರಡನ್ನು ನನ್ನಿಂದ ಬರೆಸಿಕೊಳ್ಳಲಾಗಿತ್ತು. ನಲವತ್ತೊಂದು ಸಹಿ ಬಿದ್ದವು, ಅವುಗಳಲ್ಲಿ ನನ್ನದಿಲ್ಲ. ಕಟ್ಟಡದ ಕೆಲಸವನ್ನು ಹದಿನಾಲ್ಕು ತಿಂಗಳು ನಿಲ್ಲಿಸಲಾಯಿತು. ಗಫೂರನಿಗೆ ಇದು ಗೊತ್ತಿಲ್ಲ. ಮುಗಿದ ವಿಷಯ.

ಆಮ್ರಪಾಲಿಗೆ ಗೊತ್ತು. ಬ್ಯಾಡ್ಜನ್ನು ಎತ್ತಿ ಟಿವಿಯ ಮೇಲಿಟ್ಟು ಒಳಗೆ ಹೋದಳು. ಮದುವೆಯಾಗಿ ಮೂವತ್ತಮೂರು ವರ್ಷವಾದ ಹೆಂಡತಿ ಸುಮ್ಮನಿದ್ದರೆ ಅದರ ಅರ್ಥ ನನಗೆ ಚೆನ್ನಾಗಿ ತಿಳಿಯುತ್ತದೆ.

೫ ಜನವರಿ, ಆದಿತ್ಯವಾರ

ನೂರಾ ನಲವತ್ತು ಜನ ಬಂದಿದ್ದರು. ಕಮಠಾಣದಿಂದ ಒಂದು ಟಂಟಂ ಆಟೊ ತುಂಬ ಹೆಂಗಸರು, ಚರ್ಚಿನ ಕಡೆಯ ನಾಲ್ಕು ನರ್ಸುಗಳು, ಉಳಿದವರು ಊರಿನವರೇ. ಚಪ್ಪಲಿ ಬಿಡುವ ಜಾಗ, ಕೈಕಾಲು ತೊಳೆಯುವ ನಲ್ಲಿಗಳ ಸಾಲು, ಒಳಗೆ ಮೂರು ಸಾವಿರ ಜನ ನಿಲ್ಲುವ ಹಾಲು, ಪಶ್ಚಿಮದ ಗೋಡೆಯಲ್ಲಿ ಇಮಾಮರು ನಿಲ್ಲುವ ಕಮಾನು. ಎಲ್ಲ ಹೇಳಿದೆ. ನನ್ನ ಕನ್ನಡಕ್ಕೆ ನರ್ಸುಗಳು ತಲೆದೂಗಿದರು. ನನಗೂ ಒಳಗೊಳಗೇ ಖುಷಿಯಾಯಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ. ಅರ್ಜಿಯಲ್ಲಿ ಸಂಚಾರಕ್ಕೆ ಅಡ್ಡಿಯಾಗುವುದೆಂದು ಬರೆಯಲಾಗಿತ್ತು. ನಮ್ಮ ಗಲ್ಲಿಯಲ್ಲಿ ಇಂದು ಒಂದು ಸೈಕಲ್ಲೂ ಅಡ್ಡ ನಿಂತಿರಲಿಲ್ಲ.

ಒಬ್ಬರು ಕೇಳಿದರು, ಅಡಿಗಲ್ಲಿನ ಮೇಲೆ ೨೦೨೦ ಎಂದಿದೆ, ಇಷ್ಟು ತಡವೇಕೆ ಎಂದು. ಕೆಲವು ತಾಂತ್ರಿಕ ಕಾರಣಗಳಿಂದ ಎಂದೆ. ಕಚೇರಿಯಲ್ಲಿ ಸಾವಿರ ಸಲ ಬರೆದ ಮಾತು, ನಾಲಿಗೆ ತಾನಾಗಿ ತಿರುಗಿತು.

ಕೊನೆಗೆ ಗಫೂರ ತನ್ನ ಹೆಂಡತಿ ಅಜೀಜಾ ಬೇಗಂ ಅವರನ್ನು ಕೈಹಿಡಿದು ಕರೆತಂದ. ಭಾಬಿ ಹೋದ ವರ್ಷ ಇದೇ ಜನವರಿಯಲ್ಲಿ ಅಂಗಳದಲ್ಲಿ ಕೂತು ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದರು. ಬೇಸಿಗೆಯಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಈಗ ಬೆಳಕಿದೆಯೋ ಕತ್ತಲೆಯೋ ಅಷ್ಟೇ ತಿಳಿಯುತ್ತದೆ. ಅಂಗೈಯನ್ನು ಗೋಡೆಯ ಮೇಲೆ ಆಡಿಸುತ್ತ ಬಂದವರು ನನ್ನ ದನಿ ಕೇಳಿ ನಿಂತರು.

"ರಾಜರತ್ನ ಭಾಯ್, ನೀವು ಬರಿಯೋರು. ನಮ್ಮವರಿಗಿ ಛೊಲೊ ಅದ, ದೊಡ್ಡದದ ಅನ್ನೋದು ಬಿಟ್ಟರ ಏನೂ ಹೇಳಾಕ ಬರಂಗಿಲ್ಲ. ನೀವು ಹೇಳ್ರಿ, ಹ್ಯಾಂಗ ಅದ ಇದು?"

ಇಪ್ಪತ್ತನಾಲ್ಕು ಕಂಬ, ಒಂದು ಗುಮ್ಮಟ, ಎರಡು ಮಿನಾರು, ಪೂರ್ವಕ್ಕೆ ಗಾಜಿನ ಗೋಡೆ ಎಂದು ಹೇಳಿದೆ. ಅವರು ಇನ್ನೂ ಏನೋ ಬರುತ್ತದೆ ಎಂದು ಕಾದರು. ಅಷ್ಟರಲ್ಲಿ ಮನಸ್ಸು ಬೇರೆ ಲೆಕ್ಕ ಹಾಕುತ್ತಿತ್ತು. ಹೋದ ತಿಂಗಳು, ಡಿಸೆಂಬರಿನಲ್ಲಿ ತೆರೆದ ಮಸೀದಿ, ಕೆಲಸ ನಿಲ್ಲದಿದ್ದರೆ ಹದಿನಾಲ್ಕು ತಿಂಗಳು ಮೊದಲೇ, ೨೦೨೩ರ ಅಕ್ಟೋಬರಿನಲ್ಲೇ ತೆರೆಯುತ್ತಿತ್ತು. ಆಗ ಭಾಬಿಗೆ ಅಕ್ಕಿಯ ಹರಳು ಕಾಣುತ್ತಿತ್ತು.

೬ ಜನವರಿ

ಏನೂ ಬರೆಯುವ ಮನಸ್ಸಿಲ್ಲ.

೧೦ ಜನವರಿ, ಶುಕ್ರವಾರ

ಈ ನೋಟುಬುಕ್ಕನ್ನು ನನ್ನ ಹೊರತು ಯಾರೂ ನೋಡುವುದಿಲ್ಲ. ಆದ್ದರಿಂದ ಅದು ಹೇಗಾಯಿತೆಂದು ಬರೆದಿಡುತ್ತೇನೆ.

ಈ ಬಡಾವಣೆಯಲ್ಲಿ ಆಗ ನಮಗೆ ಏಳು ವರ್ಷವಾಗಿತ್ತು. ನಮ್ಮ ಪಡಸಾಲೆಯಲ್ಲಿ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ ಎರಡೂ ಇವೆ, ಗೇಟಿನಿಂದಲೇ ಕಾಣುತ್ತವೆ. ಹಬ್ಬದ ವರ್ಗಣಿ ಕೇಳಲು ಎಲ್ಲರೂ ಗೇಟಿನ ತನಕ ಬರುತ್ತಿದ್ದರು. ಒಳಗೆ ಬನ್ನಿ, ಚಹಾ ಕುಡಿಯಿರಿ ಎಂದರೆ ಈಗಷ್ಟೇ ಆಯಿತು ಎನ್ನುತ್ತಿದ್ದರು. ಏಳು ವರ್ಷ ಅವರದು ಈಗಷ್ಟೇ ಆಗುತ್ತಲೇ ಇತ್ತು. ಹೀಗಿರುವಾಗ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು ಒಂದು ದಿನ ಫೋನು ಮಾಡಿ ಮನೆಗೇ ಕರೆದರು. ಸೋಫಾದ ಮೇಲೆ ಕೂರಿಸಿದರು. ನಿಮ್ಮಂಥ ಬರೆಯುವವರು ಬಡಾವಣೆಯಲ್ಲಿ ಇರುವುದೇ ನಮ್ಮ ಪುಣ್ಯ ಎಂದರು. ಅಲ್ಲಿ ಕೂತಿದ್ದ ಆರು ಜನರಿಗೂ ಅವರ ಹೆಂಡತಿ ಕಪ್ಪುಗಳಲ್ಲಿ ಚಹಾ ತಂದರು. ನಾನು ಕಪ್ಪುಗಳನ್ನು ನೋಡಿದೆ. ಆರೂ ಒಂದೇ ನಮೂನೆಯವು, ಬಂಗಾರದ ಅಂಚಿನವು. ಅದೊಂದು ಕಪ್ಪಿಗೆ ನಾನು ಕರಗಿ ನೀರಾಗಿಬಿಟ್ಟೆ. ಐವತ್ತೊಂಬತ್ತು ವರ್ಷದ ಗಂಡಸು!

ಬರೆಯಲು ಮಾದರಿ ಬೇಕಾಯಿತು. ಗುಮಾಸ್ತನ ಅಭ್ಯಾಸ, ಹಳೆಯ ಫೈಲು ಎದುರಿಗಿಲ್ಲದೆ ಹೊಸ ಕಾಗದ ಹುಟ್ಟುವುದಿಲ್ಲ. ಕಬ್ಬಿಣದ ಟ್ರಂಕಿನಲ್ಲಿ ಒಂದು ಮಾದರಿ ಇತ್ತು. ೧೯೮೩ರಲ್ಲಿ ಔರಾದ ತಾಲೂಕಿನ ನಮ್ಮ ಊರಿನಲ್ಲಿ ನಮ್ಮ ಓಣಿಯವರು ಬುದ್ಧವಿಹಾರ ಕಟ್ಟಲು ಹೊರಟಾಗ ಊರಿನವರು ಕೊಟ್ಟ ತಕರಾರಿನ ನಕಲು. ಅಪ್ಪ ಗೋರಖನಾಥ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದ. ಒಳ್ಳೆಯ ಕರಡು ಅದು, ಐದು ಕಾರಣ, ಒಂದಕ್ಕೊಂದು ಬಿಗಿ. ವಿಹಾರ ಎಂಬಲ್ಲಿ ಮಸೀದಿ ಎಂದು ಬರೆದೆ. ಓಣಿಯ ಹೆಸರಿನ ಜಾಗದಲ್ಲಿ ಬಡಾವಣೆಯ ಹೆಸರು ಬರೆದೆ. ಉಳಿದದ್ದನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ.

ಆಮ್ರಪಾಲಿ ಅಂದೇ ಹೇಳಿದ್ದಳು, ಮಾವನ ಕಾಗದದಿಂದ ಈ ಕೆಲಸ ಮಾಡಬೇಡಿರಿ ಎಂದು. ನಿನಗೆ ಕಚೇರಿ ಕೆಲಸ ತಿಳಿಯುವುದಿಲ್ಲ ಎಂದಿದ್ದೆ.

೧೨ ಜನವರಿ, ಆದಿತ್ಯವಾರ

ಇಂದು ಮೈ ಎಲ್ಲ ಮುದುಡಿದ ಹಾಗಾಯಿತು.

ಬಂದವರೆಲ್ಲ ಚಹಾ ಕುಡಿಯುತ್ತಿದ್ದಾಗ ಗಫೂರ ನನ್ನ ಹೆಗಲ ಮೇಲೆ ಕೈಹಾಕಿ ಎಲ್ಲರಿಗೂ ಕೇಳುವಂತೆ ಹೇಳಿದ, ಈ ಮಸೀದಿಯ ಮೇಲೆ ಒಂದು ತಕರಾರು ಬಿದ್ದಿತ್ತು, ಅದಕ್ಕೆ ಉತ್ತರ ಬರೆದು ಗೆಲ್ಲಿಸಿಕೊಟ್ಟವನು ಇವನು ಎಂದು. ಅದೂ ನಿಜ. ತಕರಾರು ಬಿದ್ದಾಗ ಗಫೂರ ಕಾಗದ ಹಿಡಿದು ಓಡಿಬಂದದ್ದು ನನ್ನ ಹತ್ತಿರಕ್ಕೇ. ಪ್ರತಿ ವಿಚಾರಣೆಗೂ ಉತ್ತರವನ್ನು ನಾನೇ ತಿದ್ದಿಕೊಟ್ಟೆ. ನನ್ನ ತಕರಾರು ಎಲ್ಲಿ ಸಡಿಲವಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದೊಂದೇ ಕಾರಣವನ್ನು ಕಿತ್ತು ಹಾಕಿದೆ. ಕೊನೆಗೆ ಮಸೀದಿ ಗೆದ್ದಿತು. ಮಾಡಿದ್ದಕ್ಕೂ ಇದಕ್ಕೂ ಸರಿಹೋಯಿತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಇಂದು ಅವನ ಕೈ ಹೆಗಲ ಮೇಲಿದ್ದಾಗ ಹಾಗೆ ಅನ್ನಿಸಲಿಲ್ಲ.

ಇನ್ನೂ ಇದೆ. ಜನವರಿ ಇಪ್ಪತ್ತಾರಕ್ಕೆ ಝೆಂಡಾ ಹಾರಿಸಿದ ಮೇಲೆ ಮಸೀದಿಯಲ್ಲಿ ನನಗೆ ಶಾಲು ಹೊದಿಸುತ್ತಾರಂತೆ. ಬೇಡ ಮಾರಾಯ ಎಂದು ಕೈಮುಗಿದೆ. ನಾಚಿಕೆ ನೋಡ್ರಿ ಸಾಹೇಬರಿಗೆ ಎಂದು ಅವನು ನಕ್ಕ, ಸುತ್ತಲಿದ್ದವರೂ ನಕ್ಕರು.

೧೬ ಜನವರಿ, ಗುರುವಾರ, ಔರಾದ

ಸಂಕ್ರಾಂತಿಯ ಎಳ್ಳು ಕೊಟ್ಟು ಬರುವ ನೆವದಲ್ಲಿ ಅವ್ವನ ಹತ್ತಿರ ಬಂದೆ. ಅವ್ವ ಜಿಜಾಬಾಯಿಗೆ ಎಂಬತ್ತನಾಲ್ಕು, ತಮ್ಮ ಕಪಿಲನ ಮನೆಯಲ್ಲಿ ಇರುತ್ತಾಳೆ. ಇನ್ನೂ ರೊಟ್ಟಿಯನ್ನು ತಾನೇ ಬಡಿಯಬೇಕು, ಸೊಸೆ ಬಡಿದರೆ ದಪ್ಪವಾಗುತ್ತದಂತೆ. ಒಲೆಯ ಮುಂದೆ ಕೂತು, ಅಪ್ಪ ಆ ತಕರಾರಿನ ಕಾಗದವನ್ನು ಯಾಕೆ ಇಟ್ಟುಕೊಂಡಿದ್ದ ಎಂದು ಕೇಳಿದೆ. ಅವ್ವ ರೊಟ್ಟಿ ತಿರುವಿ ಹಾಕಿ, ಇಷ್ಟು ವರ್ಷದ ಮೇಲೆ ಕೇಳಿದೆಯಲ್ಲ ಎಂದಳು.

"ಸಹಿ ಹಾಕ್ದೋರು ಎಲ್ಲಾರು ಆಮ್ಯಾಲ ನಿಮ್ಮಪ್ಪನ ಎದುರಿಗಿ ಬಂದ್ರಪಾ. ಕೆಲವರು ಬೈದ್ರು, ಕೆಲವರು ತಪ್ಪಾಯ್ತು ಗೋರಖಾ ಅಂದ್ರು. ಬರದಾಂವ ಒಬ್ಬಾಂವ ಬರಲಿಲ್ಲ. ಅಷ್ಟು ಛಂದ ಬರದಾಂವ ಯಾರು ಅಂತ ಸಾಯೂತನಾ ಹುಡುಕಿದ."

ಸಿಕ್ಕಿದ್ದರೆ ಏನು ಮಾಡುತ್ತಿದ್ದ ಎಂದೆ. ಹೊಡೆಯುತ್ತಿದ್ದ ಎನ್ನುತ್ತಾಳೆಂದುಕೊಂಡಿದ್ದೆ.

"ಒಂದು ಮಾತು ಕೇಳಬೇಕಾಗಿತ್ತಂತ. ಅದನ್ನ ಬರದ ದಿನ ನಿನಗ ಊಟ ಸೇರ್ತೇನು ಅಂತ."

ಬಿಸಿ ರೊಟ್ಟಿ ತಟ್ಟೆಗೆ ಬಿತ್ತು. ನನಗೆ ಸೇರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಎದ್ದೆ.

ನಾನು ಬರೆದ ದಿನ ಸೇರಿತ್ತು. ಅದು ಮೊಹರಂ ದಿನ. ಭಾಬಿ ಸ್ಟೀಲಿನ ಡಬ್ಬಿಯಲ್ಲಿ ಆ ದಿನದ ಸಿಹಿ ರೊಟ್ಟಿ, ಚೋಂಗೆ ಕಳಿಸಿದ್ದರು, ಮೇಲೆ ಗಸಗಸೆ ಉದುರಿಸಿದ್ದು. ಡಬ್ಬಿಯನ್ನು ಪಕ್ಕಕ್ಕಿಟ್ಟುಕೊಂಡು ಬರೆದೆ. ಒಂದು ಕಾರಣಕ್ಕೊಂದು ತಿಂದೆ. ಐದು ಕಾರಣ, ಐದು ಚೋಂಗೆ. ಆಮ್ರಪಾಲಿಗೆ ಒಂದನ್ನೂ ಉಳಿಸಿರಲಿಲ್ಲ.

೧೯ ಜನವರಿ, ಆದಿತ್ಯವಾರ

ಜ್ವರ ಎಂದು ಹೇಳಿ ಹೋಗಲಿಲ್ಲ. ಹನ್ನೆರಡೂವರೆಗೆ ಗಫೂರ ಗುಳಿಗೆ, ಎರಡು ಮೋಸಂಬಿ ತಂದುಕೊಟ್ಟು ಹೋದ. ಹಣೆ ಮುಟ್ಟಿ ನೋಡಿ, ಈಗ ಇಳಿದಿದೆ ಎಂದ. ಜ್ವರ ಇದ್ದೇ ಇರಲಿಲ್ಲ, ಎಲ್ಲಿಂದ ಇಳಿಯುತ್ತದೆ. ಥೂ ನನ್ನ ಬಾಳೇ.

೨೫ ಜನವರಿ, ಶನಿವಾರ

ಪ್ರಣಾಲಿ ಫೋನು ಮಾಡಿದ್ದಳು. ಮಗಳು ಭಾಲ್ಕಿಯಲ್ಲಿ ಹೈಸ್ಕೂಲು ಟೀಚರು. ನಾಳೆ ಸಾಲಿಯಲ್ಲಿ ಝೆಂಡಾ ಮುಗಿಸಿ ಒಂಬತ್ತನೇ ಇಯತ್ತೆಯ ಮಕ್ಕಳನ್ನು ಬಸ್ಸಿನಲ್ಲಿ ಮಸೀದಿ ನೋಡಲು ಕರೆತರುತ್ತಾಳಂತೆ. ನಮ್ಮಪ್ಪನೇ ನಿಮಗೆ ಎಲ್ಲ ತೋರಿಸುತ್ತಾರೆ, ಅವರಿಗೆ ಸನ್ಮಾನವೂ ಇದೆ ಎಂದು ಮಕ್ಕಳಿಗೆ ಹೇಳಿದ್ದಾಳಂತೆ. ಅವಳ ದನಿಯಲ್ಲಿ ಹೆಮ್ಮೆ. ನಾನು ಬಸ್ಸು ಎಲ್ಲಿ ನಿಲ್ಲಿಸಬೇಕು ಎಂಬುದನ್ನೇ ಮೂರು ಸಲ ಹೇಳಿದೆ.

ಆಮ್ರಪಾಲಿ ಬಿಳಿ ಅಂಗಿ ಇಸ್ತ್ರಿ ಮಾಡಿದಳು. ಕೊಡುವಾಗ ಒಂದೇ ಮಾತು ಹೇಳಿದಳು. "ಶಾಲು ಹೊದ್ದು ಬಂದ್ರ ಅದನ್ನ ನಾ ಈ ಮನ್ಯಾಗ ಇಡಂಗಿಲ್ರಿ."

ಹೇಳಿದರೆ ಗಫೂರ ಕೈಬಿಟ್ಟು ಹೋಗುತ್ತಾನೆ. ಹೇಳದಿದ್ದರೆ ಶಾಲು ಬರುತ್ತದೆ.

೨೬ ಜನವರಿ, ಆದಿತ್ಯವಾರ

ಹೇಳಿದೆ.

ಹೇಗೆ ಹೇಳಬೇಕೆಂದು ಕರಡು ಮಾಡಿಕೊಂಡಿದ್ದೆ, ಜೇಬಿನಲ್ಲಿತ್ತು, ಅದನ್ನು ತೆಗೆಯಲೇ ಇಲ್ಲ. ಮಕ್ಕಳು ಸಾಲಾಗಿ ಕೂತಿದ್ದರು, ಹಿಂದೆ ಪ್ರಣಾಲಿ. ಗಫೂರ ಶಾಲು ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ. ಆ ಕಡೆ ಕುರ್ಚಿಯ ಮೇಲೆ ಭಾಬಿ. ಎರಡು ಜಡೆಯ ಒಂದು ಹುಡುಗಿ ಕೈ ಎತ್ತಿ ಕೇಳಿದಳು, ಅಡಿಗಲ್ಲು ಇಟ್ಟು ಇಷ್ಟು ವರ್ಷ ಯಾಕೆ ತಡವಾಯಿತು ಸರ್ ಎಂದು. ತಾಂತ್ರಿಕ ಎಂಬ ಮಾತು ಬಾಯಿಗೆ ಬಂತು. ನುಂಗಿದೆ.

"ಒಬ್ಬಾಂವ ತಕರಾರು ಬರದಾ. ಹದ್ನಾಕು ತಿಂಗಳು ಕೆಲಸ ನಿಂತಿತ್ತು," ಎಂದೆ.

"ಯಾರ್ರಿ ಸರ್ ಅಂವ?"

"ನಾ."

ಹುಡುಗಿಗೆ ತಿಳಿಯಲಿಲ್ಲ, ಪಕ್ಕದವಳನ್ನು ನೋಡಿದಳು. ನಾನು ಗಫೂರನ ಕಡೆ ತಿರುಗಿ ಇನ್ನೊಮ್ಮೆ ಹೇಳಿದೆ, ಸಹಿ ನಲವತ್ತೊಂದು ಜನರದು, ಬರೆದವನು ನಾನು, ಉತ್ತರ ಬರೆಸಿಕೊಳ್ಳಲು ನೀನು ಬಂದಾಗಲೂ ಬಾಯಿ ಬಿಡಲಿಲ್ಲ. ಅಪ್ಪನ ಕಾಗದ ನೋಡಿ ಬರೆದೆ ಎಂಬುದನ್ನೂ ಹೇಳಿದೆ. ಅದು ಪ್ರಣಾಲಿಗೂ ಗೊತ್ತಿರಲಿಲ್ಲ.

ಗಫೂರ ಶಾಲನ್ನು ಮಡಚಿದ. ಮಡಚಿದ್ದನ್ನು ಮತ್ತೆ ಮಡಚಿದ. ಅಂಗೈಯಷ್ಟಾದ ಮೇಲೆ ಕೇಳಿದ. "ಜವಾಬ್ ಬರಸ್ಕೋಳಾಕ ನಿನ್ನ ಮನಿಗಿ ಎಷ್ಟು ಸಲ ಬಂದಿದ್ದೆ?"

"ಒಂಬತ್ತು ಸಲ."

"ಒಂಬತ್ತೂ ಸಲ ಚಹಾ ಕೊಟ್ಟಿ," ಎಂದ. ಅಷ್ಟೇ. ಆಮೇಲೆ ಮಕ್ಕಳ ಕಡೆ ತಿರುಗಿ, ಬರ್ರಿ, ಆ ಕಡೆ ಶರಬತ್ತು ಇಟ್ಟಿದೆ, ಕುಡಿದು ಹೋಗ್ರಿ ಎಂದು ಕರೆದುಕೊಂಡು ಹೋದ. ಅವನ ದನಿ ಎಂದಿನಂತೆಯೇ ಇತ್ತು. ನನಗೆ ಬೈದಿದ್ದರೆ ಚೆನ್ನಾಗಿತ್ತು.

ಭಾಬಿ ಕುರ್ಚಿಯಲ್ಲೇ ಇದ್ದರು. ನಾನು ಅವರ ಮುಂದೆಯೇ ಹಾದುಹೋಗಬೇಕಿತ್ತು. ಅವರಿಗೆ ಕಾಣುವುದಿಲ್ಲ ಎಂದು ತಿಳಿದೂ ತಲೆ ತಗ್ಗಿಸಿಕೊಂಡು, ಸಪ್ಪಳವಾಗದಂತೆ ಕಾಲಿಟ್ಟು ಹೋದೆ.

ಬಸ್ಸು ಹತ್ತುವ ಮುಂಚೆ ಪ್ರಣಾಲಿ ಮನೆಗೆ ಬಂದಳು. ಕೂರಲಿಲ್ಲ. ಮುತ್ಯಾನ ಕಾಗದ ಇನ್ನು ಮುಂದೆ ನನ್ನ ಹತ್ತಿರ ಇರಲಿ ಎಂದಳು. ಟ್ರಂಕು ತೆಗೆದು ಕೊಟ್ಟೆ.

೨೭ ಜನವರಿ

ಗಫೂರ ಬರಲಿಲ್ಲ.

೩೦ ಜನವರಿ

ಅಧ್ಯಕ್ಷರು ಫೋನು ಮಾಡಿ ಬಡಾವಣೆಯ ಮಾನ ಕಳೆದಿರಿ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದರು. ನಾನು ಕಳೆದದ್ದು ನನ್ನ ಮಾನ, ನಿಮ್ಮದು ನಿಮ್ಮ ಹತ್ತಿರವೇ ಇರಬೇಕು, ಹುಡುಕಿ ನೋಡಿರಿ ಎಂದೆ. ಮೂವತ್ತೇಳು ವರ್ಷದ ನೌಕರಿಯಲ್ಲಿ ಯಾರಿಗೂ ಹೀಗೆ ಮಾತಾಡಿದವನಲ್ಲ. ಆಮ್ರಪಾಲಿ ಅಡುಗೆ ಮನೆಯಿಂದ ಇಣುಕಿ ನೋಡಿ ಹೋದಳು.

ಬ್ಯಾಡ್ಜು ಟಿವಿಯ ಮೇಲೆಯೇ ಇದೆ. ಒಯ್ದು ಕೊಟ್ಟು ಬರಬೇಕು. ಯಾವ ಮುಖ ಹೊತ್ತು ಹೋಗಲಿ?

೨ ಫೆಬ್ರವರಿ, ಆದಿತ್ಯವಾರ

ಮಾಳಿಗೆಯ ಮೇಲೆ ನಿಂತು ನೋಡಿದೆ. ಬಗದಲ್ ಕಡೆಯ ಒಂದು ಗಾಡಿ ಬಂದಿತ್ತು. ಗಫೂರ ಬಂದವರಿಗೆ ಕೈಮಾಡಿ ಏನೋ ತೋರಿಸುತ್ತಿದ್ದ. ಅವನ ಕನ್ನಡ ಅವರಿಗೆ ತಿಳಿಯಿತೋ ಇಲ್ಲವೋ.

೯ ಫೆಬ್ರವರಿ, ಆದಿತ್ಯವಾರ

ಒಂಬತ್ತೂವರೆಗೆ ಫೋನು ಬಂತು. ಗಫೂರನ ನಂಬರು, ದನಿ ಭಾಬಿಯದು. ಮಸೀದಿಗೆ ಬನ್ನಿ ಎಂದರು. ನಾನು ಹಲೋ ಎನ್ನುವಷ್ಟರಲ್ಲಿ ಕಟ್ಟಾಯಿತು.

ಬ್ಯಾಡ್ಜು ಜೇಬಿನಲ್ಲಿಟ್ಟುಕೊಂಡು ಹೋದೆ. ಜನ ಇನ್ನೂ ಬಂದಿರಲಿಲ್ಲ. ಭಾಬಿ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು. ಗಫೂರ ಒಳಗೆ ದೂರದ ಕಂಬದ ಹತ್ತಿರ ನಮ್ಮ ಕಡೆ ಬೆನ್ನುಮಾಡಿ ನಿಂತಿದ್ದ. ನಾನು ಹತ್ತಿರ ಹೋಗಿ, ಭಾಬಿ, ಅರ್ಜಿ ಬರೆದ ದಿನ ನಿಮ್ಮ ಚೋಂಗೆ ತಿನ್ನುತ್ತ ಬರೆದೆ ಎಂದೆ. ಬೇರೆ ಏನೇನೋ ಹೇಳಬೇಕೆಂದಿದ್ದೆ, ಬಂದದ್ದು ಇದು. ಅವರಿಗೆ ನೆನಪಿತ್ತು. ಡಬ್ಬಿಯನ್ನು ಬರಿದು ಕಳಿಸದೆ ಸಕ್ಕರೆ ಹಾಕಿ ಕಳಿಸಿದ್ದಿರಲ್ಲ ಎಂದರು. ಆಮೇಲೆ ಚೌಕಟ್ಟು ಬಿಟ್ಟು ನನ್ನ ದನಿಯ ಕಡೆ ಮುಖ ಮಾಡಿದರು.

"ನನ್ನ ಕಣ್ಣು ನೀವು ಕಳೀಲಿಲ್ಲ ಭಾಯ್. ಸಕ್ಕರಿ ಬ್ಯಾನಿ ಕಳೀತು. ನೀವು ಕಳದದ್ದು ಇದನ್ನ ನೋಡೋ ಆರು ತಿಂಗಳು. ಅದಕ್ಕ ಮಾಫಿ ನನ್ನ ಹತ್ರ ಇನ್ನಾ ಬಂದಿಲ್ಲ. ಬಂದ ದಿನ ಹೇಳ್ತೀನಿ. ಅವತ್ತ ನೀವು ನನಗ ಕಂಬದ ಲೆಕ್ಕ ಒಪ್ಪಿಸಿದ್ರಿ. ಈಗ ಖರೇ ಹೇಳ್ರಿ. ಬಾಗಲದಿಂದ ಸುರು ಮಾಡ್ರಿ."

ಬಾಗಿಲಿನಿಂದ ಶುರು ಮಾಡಿದೆ, ಅವರು ಗೋಡೆ ಹಿಡಿದು ನನ್ನ ಜೊತೆ ಒಳಗೆ ನಡೆಯುತ್ತ ಬಂದರು. ತೇಗದ ಬಾಗಿಲು, ಜನರ ಕೈ ತಾಗುವ ಎತ್ತರದಲ್ಲಿ ಎರಡೇ ತಿಂಗಳಿಗೆ ಬಣ್ಣ ಗಾಢವಾಗಿದೆ ಎಂದೆ. ಪೂರ್ವದ ಗಾಜಿನಿಂದ ಬಿಸಿಲು ಬಂದು ನಮಾಜಿನ ಹಾಸಿನ ಮೂರನೆಯ ಗೆರೆಯ ತನಕ ಬಿದ್ದಿದೆ ಎಂದೆ. ಗುಮ್ಮಟ ಒಳಗಿನಿಂದ ಬೆಳಗಿನ ಆಕಾಶದ ಬಣ್ಣ, ಅಲ್ಲೊಂದು ಗುಬ್ಬಿ ಸೇರಿಕೊಂಡಿದೆ, ಅದಕ್ಕೆ ಹೊರಗೆ ಹೋಗುವ ಅವಸರವೇನೂ ಇದ್ದಂತಿಲ್ಲ ಎಂದೆ. ಅವರು ಸ್ವಲ್ಪ ನಕ್ಕರು. ಇಮಾಮರು ನಿಲ್ಲುವ ಕಮಾನಿನ ಅಂಚಿಗೆ ನಮ್ಮ ಬೀದರಿನ ಬಿದ್ರಿ ಕೆಲಸದವರು ಕರಿಯ ಲೋಹದಲ್ಲಿ ಬೆಳ್ಳಿಯ ಬಳ್ಳಿ ಕೂರಿಸಿದ್ದಾರೆ, ಒಂದು ಎಲೆ ಮಾತ್ರ ಉಳಿದವಕ್ಕಿಂತ ತುಸು ಓರೆ ಎಂದೆ. ಅವರು ಹತ್ತಿರ ಹೋಗಿ ಬೆರಳಿನಿಂದ ಆ ಎಲೆಯನ್ನು ಹುಡುಕಿದರು, ಸಿಕ್ಕಿತು. ಗಾಜಿನಿಂದ ನಮ್ಮ ಮನೆಯ ಮಾಳಿಗೆ ಕಾಣುತ್ತದೆ, ಆಮ್ರಪಾಲಿ ಸೀರೆ ಒಣಹಾಕುತ್ತಿದ್ದಾಳೆ, ಹಸಿರು ಸೀರೆ ಎಂದೆ. ಯಾವುದನ್ನೂ ಮೊದಲೇ ಬರೆದಿಟ್ಟುಕೊಂಡಿರಲಿಲ್ಲ. ಕಂಡದ್ದನ್ನು ಹೇಳುತ್ತ ಹೋದೆ.

ಎಲ್ಲ ಮುಗಿಯಿತು ಎಂದಾಗ ಭಾಬಿ ಕೇಳಿದರು. "ನಮ್ಮವರು ಎಲ್ಲಿ ನಿಂತಾರ?"

ಆ ಕಂಬದ ಹತ್ತಿರ, ಬೆನ್ನುಮಾಡಿ ಎಂದೆ.

"ಮುಖ ಹ್ಯಾಂಗ ಅದ?"

ಇಲ್ಲಿಂದ ಕಾಣುವುದಿಲ್ಲ ಎಂದೆ.

"ಹಂಗಾರ ಎದುರಿಗಿ ಹೋಗಿ ನೋಡಿ ಹೇಳ್ರಿ."

ಅಷ್ಟು ದೊಡ್ಡ ಹಾಲು. ಕಂಬ ದಾಟಿ, ಹಾಸಿನ ಗೆರೆಗಳನ್ನು ದಾಟಿ ಹೋದೆ. ಸುತ್ತಿ ಬಂದು ಅವನ ಎದುರಿಗೆ ನಿಂತೆ. ಗಫೂರ ಮುಖ ತಿರುಗಿಸಲಿಲ್ಲ. ಕಣ್ಣು ಕೆಂಪಾಗಿದ್ದವು, ದವಡೆ ಬಿಗಿದಿತ್ತು, ಗಡ್ಡ ಎರಡು ವಾರದಲ್ಲಿ ಬೆಳ್ಳಗಾದಂತಿತ್ತು. ನಾನೂ ತಲೆ ತಗ್ಗಿಸಲಿಲ್ಲ. ಅಲ್ಲಿಂದಲೇ ಜೋರಾಗಿ ಹೇಳಿದೆ.

"ಭಾಳ ಸಿಟ್ಟಿನ್ಯಾಗ ಇದ್ದಾನ, ಭಾಬಿ."

"ಇರ್ಲಿ," ಎಂದು ಅವರ ದನಿ ಕಮಾನಿನ ಕಡೆಯಿಂದ ಬಂತು. "ನೋಡ್ಕೋತ ಅಲ್ಲೇ ನಿಂದರ್ರಿ."

ನಿಂತೆ. ಹೊರಗೆ ಮೊದಲನೆಯ ಗಾಡಿ ಬಂದು ಜನ ಚಪ್ಪಲಿ ಬಿಡುವ ಸಪ್ಪಳ ಕೇಳುವ ತನಕ ಇಬ್ಬರೂ ನಿಂತೇ ಇದ್ದೆವು.